ನಾನು ನೋಡದ ನಾಟಕ, ದಿನಾ ನೋಡುವ ಸಿನಿಮಾ

ಮೂವತ್ತನಾಲ್ಕು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ನಿವೃತ್ತಿಯಾಗಿ ಹತ್ತು ವರ್ಷ ಕಳೆದರೂ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಐದೂವರೆಗೆ ಅಂಗಳಕ್ಕೆ ನೀರು ಹಾಕಿ ಆಗಿರುತ್ತದೆ. ಎಂಟಕ್ಕೆ ನಾಷ್ಟಾ, ಎಂಟೂ ಕಾಲಿಗೆ ಮನೆಯವರ ಬಿಪಿ ಗುಳಿಗೆ, ಒಂದಕ್ಕೆ ರೊಟ್ಟಿ. ಹಾಸಿಗೆಯ ಚಾದರದ ಮೂಲೆಗಳನ್ನು ಇಂದಿಗೂ ವಾರ್ಡಿನಲ್ಲಿ ಮಡಿಚುತ್ತಿದ್ದ ಹಾಗೆಯೇ ಮಡಿಚುತ್ತೇನೆ. ಲಿಂಗಸುಗೂರಿನ ನಮ್ಮ ಓಣಿಯಲ್ಲಿ ನಾನು ಹಾಲು ತರಲು ಹೊರಟದ್ದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುವವರಿದ್ದಾರೆ.

ಇಂಥ ಮನೆಯಲ್ಲಿ ಎರಡು ವರ್ಷದಿಂದ ಮಧ್ಯಾಹ್ನದ ಮೂರು ಗಂಟೆ ನನ್ನ ಕೈತಪ್ಪಿದೆ. ಮೂರಕ್ಕೆ ಸರಿಯಾಗಿ ನಮ್ಮ ಮನೆಯವರು ಡಿಸ್ಕ್ ಪ್ಲೇಯರ್ ಹಚ್ಚುತ್ತಾರೆ.

ಅವರ ಹತ್ತಿರ ಆರು ಡಿಸ್ಕುಗಳಿವೆ. ಎಲ್ಲವೂ ಕಪ್ಪು ಬಿಳುಪಿನ ಹಳೆಯ ಕನ್ನಡ ಸಿನಿಮಾಗಳು. ಮೊದಲು ಕಂಪನಿ ನಾಟಕವಾಗಿ ಊರೂರು ತಿರುಗಿ, ಹೆಸರು ಮಾಡಿ, ಆಮೇಲೆ ಸಿನಿಮಾ ಆದ ಕಥೆಗಳು. ಸಿಂಧನೂರಿನಲ್ಲಿ ಒಂದು ಕ್ಯಾಸೆಟ್ ಅಂಗಡಿ ಮೊಬೈಲ್ ಅಂಗಡಿಯಾಗಿ ಬದಲಾಗುವಾಗ ಉಳಿದ ಸರಕನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಬಾಗಿಲ ಮುಂದೆ ಇಟ್ಟಿದ್ದರಂತೆ. ಪಿಂಚಣಿ ಕೆಲಸಕ್ಕೆ ಹೋದವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಆರಿಸಿ ತಂದರು. ಐದನ್ನು ಒಂದೊಂದು ಸಲ ನೋಡಿ ಇಟ್ಟರು. ಆರನೆಯದನ್ನು ಮಾತ್ರ ಬಿಡಲಿಲ್ಲ. ಮೊದಲು ವಾರಕ್ಕೆ ಎರಡು ಸಲ, ಆಮೇಲೆ ನಾಲ್ಕು ಸಲ, ಈಗ ಕರೆಂಟ್ ಇದ್ದ ದಿನವೆಲ್ಲ.

ಕಥೆ ದೊಡ್ಡದೇನಲ್ಲ. ಯಾರದೋ ಚಾಡಿಮಾತು ಕೇಳಿ ಗಂಡ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಹತ್ತು ವರ್ಷದ ಮೇಲೆ, ಎಲ್ಲ ಕಳೆದುಕೊಂಡು ಊರೂರು ಅಲೆಯುತ್ತ ಒಂದು ಬಾವಿಕಟ್ಟೆಗೆ ಬಂದು ನೀರು ಕೇಳುತ್ತಾನೆ. ನೀರು ಸೇದುತ್ತಿರುವವಳು ಅದೇ ಹೆಂಡತಿ. ಅವಳಿಗೆ ಗುರುತು ಸಿಗುತ್ತದೆ, ಅವನಿಗೆ ಸಿಗುವುದಿಲ್ಲ. ಸೆರಗು ಮುಖಕ್ಕೆ ಎಳೆದುಕೊಂಡು ಅವನ ಬೊಗಸೆಗೆ ನೀರು ಹನಿಸುತ್ತಾಳೆ, ಮಾತನಾಡುತ್ತಾಳೆ, ತಾನು ಯಾರೆಂದು ಹೇಳುವುದಿಲ್ಲ.

ಈ ನಾಟಕವನ್ನು ನಲವತ್ತನಾಲ್ಕು ವರ್ಷದ ಹಿಂದೆ ನಮ್ಮ ಮನೆಯವರ ಊರಾದ ತುರ್ವಿಹಾಳದಲ್ಲಿ ಹುಡುಗರೆಲ್ಲ ಸೇರಿ ಆಡಿದ್ದರು. ನೀರಾವರಿ ಇಲಾಖೆಯಲ್ಲಿ ಹೊಸದಾಗಿ ಗುಮಾಸ್ತರಾಗಿದ್ದ ಇವರೇ ಹೀರೋ. ನಮ್ಮ ಮದುವೆಯಾಗಿ ಆಗ ಎಂಟು ತಿಂಗಳು.

ಆ ನಾಟಕವನ್ನು ನಾನು ನೋಡಲಿಲ್ಲ. ಅಂದು ನನ್ನದು ರಾತ್ರಿ ಪಾಳಿ. ಪಾಳಿ ಬದಲಾಯಿಸಿಕೊಳ್ಳಲು ಜೊತೆಯವಳೊಬ್ಬಳು ತಾನಾಗಿಯೇ ಮುಂದೆ ಬಂದಿದ್ದಳು. ನಾನೇ ಬೇಡವೆಂದೆ. ಕೆಲಸಕ್ಕೆ ಸೇರಿ ವರ್ಷ ತುಂಬುವುದರೊಳಗೆ ಗಂಡನ ನಾಟಕ ನೋಡಲು ಪಾಳಿ ಬಿಟ್ಟಳು ಅನ್ನಿಸಿಕೊಳ್ಳುವುದು ನನಗೆ ಆಗದ ಮಾತಾಗಿತ್ತು. ಊರ ನಾಟಕ ವರ್ಷಾ ವರ್ಷಾ ಇದ್ದದ್ದೇ, ಮುಂದಿನ ವರ್ಷ ನೋಡಿದರಾಯಿತು ಎಂದುಕೊಂಡೆ. ಮುಂದಿನ ವರ್ಷ ಇವರಿಗೆ ವರ್ಗವಾಯಿತು. ಇವರು ಮತ್ತೆಂದೂ ಬಣ್ಣ ಹಚ್ಚಲಿಲ್ಲ.

ನಮ್ಮ ಕಡೆ ಊರ ನಾಟಕದಲ್ಲಿ ಗಂಡಸರ ಪಾರ್ಟೆಲ್ಲ ಊರಿನವರವು. ಹೆಣ್ಣಿನ ಪಾರ್ಟಿಗೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಗೊತ್ತುಮಾಡಿ ಕರೆಸುತ್ತಾರೆ. ಊರಿನವರು ಮೂರು ತಿಂಗಳು ತಾಲೀಮು ಮಾಡಿದರೆ ಆಕೆ ಬರುವುದು ಹಿಂದಿನ ದಿನದ ಬಸ್ಸಿಗೆ. ಒಮ್ಮೆ ತಾಲೀಮಿಗೆ ನಿಂತು, ಮಾರನೆಯ ದಿನ ಆಡಿ ಹೋಗುತ್ತಾಳೆ. ಇವರ ಎದುರು ಪಾರ್ಟ್ ಮಾಡಲು ಬಂದಾಕೆ ಮಸ್ಕಿಯವಳು.

ನಾಟಕದ ನಡುವೆ ಆಯೇರಿ ಮಾಡುವ ರೂಢಿಯೂ ನಮ್ಮಲ್ಲಿದೆ. ಪಾತ್ರಧಾರಿಯ ಬಳಗದವರು ಸ್ಟೇಜ್ ಏರಿ ಬಟ್ಟೆ, ಉಂಗುರ, ಹಾರ ಏನಾದರೊಂದು ಉಡುಗೊರೆ ಕೊಡುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುತ್ತಾರೆ. ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಆಯೇರಿ ತೆಗೆದುಕೊಂಡು ಮತ್ತೆ ಸಾಯುತ್ತದೆ. ಹೀರೋನ ಮನೆಯವರು ಅವನೊಬ್ಬನಿಗೇ ಕೊಡುವಂತಿಲ್ಲ, ಜೋಡಿಯೆಂದು ಹೀರೋಯಿನ್‌ಗೂ ಕೊಡಬೇಕು. ಬಾವಿಕಟ್ಟೆಯ ಸೀನ್ ಮುಗಿದ ಕೂಡಲೇ ನಮ್ಮತ್ತೆ ಸ್ಟೇಜ್ ಏರಿ ಮಗನಿಗೆ ಧೋತರ, ಆಕೆಗೆ ಒಂದು ಇಲಕಲ್ ಸೀರೆ ಕೊಟ್ಟು, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಕುಂಕುಮ ಹಚ್ಚಿದರಂತೆ. ಆ ಸೀರೆ ಪಂಚಮಿಗೆ ನನಗೆಂದು ತಂದಿಟ್ಟಿದ್ದು. ದಾಳಿಂಬೆ ಕೆಂಪು ಒಡಲು, ರೇಷ್ಮೆ ಸೆರಗು. ಟ್ರಂಕಿನಲ್ಲಿ ಅದನ್ನು ಎರಡು ಸಲ ಮುಟ್ಟಿ ನೋಡಿದ್ದೆ.

ನಾನು ಕೇಳಿದಾಗ ಅತ್ತೆಯ ಉತ್ತರ ಸಿದ್ಧವಾಗಿತ್ತು.

"ಮಂದಿ ಮುಂದ ಬರೇ ಕೈಲೆ ಹತ್ತಾಕ ಬರ್ತೈತೇನ್ಬೇ? ನೀ ಇದ್ದಿದ್ರ ನಿನ್ನ ಕೈಲೇ ಕೊಡಿಸ್ತಿದ್ದೆ."

ಪಂಚಮಿಗೆ ನನಗೆ ಬೇರೆ ಸೀರೆ ಬಂತು. ಹಸಿರು. ಉಟ್ಟೆ.

ಆಮೇಲೆ ಸಂಸಾರ ನಡೆಯಿತು, ನೌಕರಿ ನಡೆಯಿತು. ತುರ್ವಿಹಾಳಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಆ ನಾಟಕದ ಮಾತು ತೆಗೆಯುತ್ತಿದ್ದರು. "ಏನ್ ಪಾರ್ಟ್ ಮಾಡಿದ್ದ ಮಾರಾಯಾ ಅವತ್ತು" ಎನ್ನುತ್ತಿದ್ದರು. ನನ್ನ ಕಡೆ ತಿರುಗಿ "ನೀವು ನೋಡಬೇಕಿತ್ರಿ" ಎನ್ನುತ್ತಿದ್ದರು. ಭತ್ತ ನಾಟಿ ಮಾಡುವ ಹೆಂಗಸರು ನೋಡಿದ್ದರು, ಕಾಲುವೆಯ ಕೂಲಿಯವರು ನೋಡಿದ್ದರು, ಬಸ್ ಸ್ಟ್ಯಾಂಡಿನ ಚಹಾದವನು ನೋಡಿದ್ದ. ನನ್ನ ಗಂಡನನ್ನು ಊರೆಲ್ಲ ನೋಡಿತ್ತು, ನಾನೊಬ್ಬಳೇ ನೋಡಿರಲಿಲ್ಲ. ಇಡೀ ಊರಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭವಲ್ಲ. ಒಬ್ಬಳ ಮೇಲೆ ಪಡುವುದು ಸುಲಭ. ನಾನು ಸುಲಭದ್ದನ್ನೇ ಆರಿಸಿಕೊಂಡೆ.

ಆದರೂ ಅದು ವರ್ಷಗಳಲ್ಲಿ ತಣ್ಣಗಾಗಿತ್ತು. ಡಿಸ್ಕು ಬಂದು ಮತ್ತೆ ಹೊತ್ತಿಸಿತು.

ಸಿನಿಮಾ ನೋಡುವಾಗ ಇವರು ಸುಮ್ಮನೆ ಕೂರುವುದಿಲ್ಲ. ನಾಟಕದಲ್ಲಿ ಈ ಸೀನ್ ಅಡುಗೆಮನೆಯಲ್ಲಿತ್ತು, ಸಿನಿಮಾದವರು ಹೊಳೆದಂಡೆಗೆ ಒಯ್ದು ಕೆಡಿಸಿದರು ಎನ್ನುತ್ತಾರೆ. ಹಾಸ್ಯದ ಪಾರ್ಟ್ ಅರ್ಧ ಕತ್ತರಿಸಿದ್ದಾರೆ ಎನ್ನುತ್ತಾರೆ. ನಾಟಕದಲ್ಲಿ ಬಾವಿ ಎಂದರೆ ಬಣ್ಣದ ಪರದೆ, ಅದರ ಮುಂದೆ ಒಂದು ಹಗ್ಗ, ಒಂದು ಖಾಲಿ ಕೊಡ. ಸಿನಿಮಾದಲ್ಲಿ ನಿಜವಾದ ಬಾವಿ, ನಿಜವಾದ ನೀರು, ಹಿಂದೆ ಹುಣಸೆಮರ. "ಖರೇ ನೀರು ಬಂದ ಮ್ಯಾಲೆ ಕಣ್ಣೀರಿಗೆ ಏನ್ ಕಿಮ್ಮತ್ತು ಉಳೀತು?" ಎನ್ನುತ್ತಾರೆ. ಇದರಲ್ಲಿ ನನಗೂ ಒಂದಿಷ್ಟು ಸರಿ ಅನ್ನಿಸಿದ್ದುಂಟು. ನಾಟಕದ ಮಾತು ಹಿಂದಿನ ಸಾಲಿನವನಿಗೂ ಮುಟ್ಟಬೇಕೆಂದು ಬರೆದದ್ದು. ಅದೇ ಮಾತನ್ನು ಸಿನಿಮಾದ ನಟ ಕ್ಯಾಮೆರಾದ ಕಿವಿಯಲ್ಲಿ ಪಿಸುಗುಟ್ಟಿದರೆ ದೊಡ್ಡವರ ಅಂಗಿ ತೊಟ್ಟ ಹಾಗೆ ಕಾಣುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನನ್ನ ತಕರಾರಿರಲಿಲ್ಲ. ಬಾವಿಕಟ್ಟೆಯ ಸೀನ್ ಬಂದೊಡನೆ ಇವರು ಮುಂದಕ್ಕೆ ಬಾಗುತ್ತಾರೆ. ಸಿನಿಮಾದ ನಾಯಕಿ ದೊಡ್ಡ ಹೆಸರಿನಾಕೆ, ಚೆನ್ನಾಗಿಯೇ ಮಾಡಿದ್ದಾಳೆ. ಅವಳ ಕಣ್ಣಿಂದ ನೀರು ಉರುಳುತ್ತದೆ. ಆಗ ಇವರು ತಲೆ ಅಲ್ಲಾಡಿಸಿ ಹೇಳುತ್ತಾರೆ.

"ಚೊಲೊ ಮಾಡ್ಯಾಳ. ಆದರ ನಮ್ಮಾಕಿ ಇದಕ್ಕಿಂತ ಚೊಲೊ ಮಾಡಿದ್ಳು."

ನಮ್ಮಾಕಿ. ನಮ್ಮ ಕಡೆ ಗಂಡಸರು ಹೆಂಡತಿಗೆ ಹೇಳುವ ಮಾತದು. ನಲವತ್ತನಾಲ್ಕು ವರ್ಷ ಮನೆ ನಡೆಸಿದವಳು ನಾನು. ನನ್ನನ್ನು ಇವರು ಕರೆಯುವುದು ನರ್ಸಮ್ಮ ಎಂದು, ಅದೂ ಚೇಷ್ಟೆಗೆ.

ಪಕ್ಕದ ಮನೆಯ ಆಪಾ ಮೂರೂವರೆಗೆ ಚಹಾಕ್ಕೆ ಬರುತ್ತಾರೆ. ಹೊಲಿಗೆ ಮಾಡಿ ಮಕ್ಕಳನ್ನು ಓದಿಸಿದ ಗಟ್ಟಿ ಹೆಂಗಸು, ನಾಲಗೆ ಕತ್ತರಿಗಿಂತ ಚುರುಕು. ಒಂದು ದಿನ ಬಾಗಿಲಲ್ಲೇ ನಿಂತು ಕೇಳಿದರು.

"ಸಿಸ್ಟರ್, ಭೈಯಾ ಮತ್ತ ಬಾವಿಗೆ ಬಿದ್ದಾರೇನ್ರಿ?"

"ದಿನಾ ಬೀಳ್ತಾರ. ನಾ ಹಗ್ಗ ಹಿಡಕೊಂಡು ಕುಂದ್ರಾಕಿ" ಎಂದೆ.

"ಹಗ್ಗ ಬಿಟ್ಟು ನೋಡ್ರಿ ಒಮ್ಮೆ."

ಬಿಡುವ ಯೋಚನೆ ನನಗೂ ಬಂದಿತ್ತು. ಆ ಬೇಸಿಗೆಯಲ್ಲಿ ಡಿಸ್ಕು ಸರಿಯಾಗಿ ಬಾವಿಕಟ್ಟೆಯ ಸೀನಿನಲ್ಲೇ ಸಿಕ್ಕಿಕೊಳ್ಳತೊಡಗಿತು. ನಾಯಕಿಯ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಇವರು ಡಿಸ್ಕನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕೈಗುಣ ಚೊಲೊ ಐತಿ, ಒಂಚೂರು ಒರಸಿಕೊಡು" ಎಂದರು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ತಂತಿ ಎದುರಿಗೇ ಇತ್ತು. ಒಂದು ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ನಾನು ಹತ್ತಿಗೆ ಸ್ಪಿರಿಟ್ ಹಾಕಿ, ನಡುವಿನಿಂದ ಅಂಚಿನ ಕಡೆಗೆ, ಗಾಯ ಒರೆಸುವ ಹಾಗೆ ಒರೆಸಿ ಕೊಟ್ಟೆ. ಕೈಗೆ ಒಪ್ಪಿಸಿದ ವಸ್ತುವನ್ನು ಕೆಡಿಸಿ ಗೊತ್ತಿಲ್ಲ. ಸಿನಿಮಾ ಮೊದಲಿಗಿಂತ ನಿಚ್ಚಳವಾಗಿ ಓಡಿತು. ಆಕೆಯ ಕಣ್ಣೀರು ಮೊದಲಿಗಿಂತ ಹೊಳೆಯಿತು.

ನಾಟಕದ ಆ ಮಸ್ಕಿಯಾಕೆ ಈಗ ಎಲ್ಲಿದ್ದಾಳೆಂದು ತಿಳಿದದ್ದು ಆಪಾರಿಂದಲೇ. ಅವರ ಮೊಮ್ಮಗಳ ಶಾಲೆಯ ಗ್ಯಾದರಿಂಗಿಗೆ ರಾಣಿಯ ಡ್ರೆಸ್ ಬೇಕಾಗಿತ್ತು. ಮಸ್ಕಿಯಲ್ಲಿ ಬಾಡಿಗೆಗೆ ಕೊಡುವ ಒಬ್ಬ ಮುದುಕಿ ಇದ್ದಾಳೆ, ಮೊದಲು ನಾಟಕದಾಕೆ ಎಂದರು. ನಾನು ಇನ್ನೊಂದು ಪ್ರಶ್ನೆ ಕೇಳಿದೆ, ಮತ್ತೊಂದು ಕೇಳಿದೆ. ಅವಳೇ.

ಗುರುವಾರ ಒಂಬತ್ತರ ಬಸ್ಸಿಗೆ ಹೊರಟೆ. ಮನೆಯಲ್ಲಿ, ಮಸ್ಕಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವಳಿಗೆ ಆರಾಮಿಲ್ಲ, ನೋಡಿ ಬರುತ್ತೇನೆ ಎಂದು ಹೇಳಿದೆ. ನಾನು ಸುಳ್ಳು ಹೇಳಿದ್ದು ಕಡಿಮೆ, ಅದಕ್ಕೇ ಇವರು ನಂಬಿದರು ಎಂದುಕೊಂಡೆ. ಹೋಗಿ ಏನು ಕೇಳಬೇಕೆಂಬುದನ್ನು ದಾರಿಯುದ್ದಕ್ಕೂ ಕ್ರಮವಾಗಿ ಜೋಡಿಸಿಕೊಂಡೆ. ಕೇಳಬೇಕಾದ್ದು ಕೊನೆಗೆ ಒಂದೇ ಉಳಿಯಿತು. ಆ ದಿನ ಅವರು ಹೇಗೆ ಕಂಡರು? ನನ್ನ ಗಂಡನ ವಿಷಯ ನನಗೆ ಗೊತ್ತಿಲ್ಲದ್ದು ಇಷ್ಟೇ, ಅದು ಆಕೆಯ ಹತ್ತಿರವಿತ್ತು.

ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಮನೆ. ಹೊರಗಿನ ಕೋಣೆಯಲ್ಲಿ ಹಗ್ಗದ ಮೇಲೆ ಜರಿಯ ನಿಲುವಂಗಿಗಳು, ಗೋಡೆಗೆ ಕಿರೀಟಗಳು, ಡಬ್ಬಿಗಳಲ್ಲಿ ಗಿಲೀಟಿನ ಸರ. ಆಕೆ ನೆಲದ ಮೇಲೆ ಕೂತು ಒಂದು ಗಡ್ಡಕ್ಕೆ ದಾರ ಪೋಣಿಸುತ್ತಿದ್ದಳು. ತೆಳ್ಳಗೆ, ಎತ್ತರ, ಬಿಳಿಕೂದಲು, ಬೆನ್ನು ಮಾತ್ರ ನೆಟ್ಟಗೆ. ಮಂಡಿ ಬಾತಿದೆ, ಎಡಗಾಲಿಗೆ ಹೆಚ್ಚು ನೋವಿದೆ ಎಂಬುದನ್ನು ನಾನು ಹೊಸ್ತಿಲಲ್ಲೇ ಗಮನಿಸಿದೆ.

"ಬರ್ರೀ ಅಕ್ಕಾರ. ಯಾವ ಸಾಲಿಯಿಂದ ಬಂದೀರಿ? ರಾಣಿ ಡ್ರೆಸ್ ಎಲ್ಲಾ ಹೋಗ್ಯಾವ. ರೈತನ್ದು ಐತಿ, ಸೈನಿಕನ್ದು ಐತಿ."

"ಡ್ರೆಸ್ಸಿಗೆ ಬಂದಿಲ್ರಿ. ತುರ್ವಿಹಾಳದಾಗ ನೀವು ಒಂದು ನಾಟಕ ಮಾಡಿದ್ರಿ" ಎಂದೆ. ನಾಟಕದ ಹೆಸರು ಹೇಳಿದೆ.

ಆಕೆ ನಕ್ಕಳು. "ಅದನ್ನ ಯಾವ ಊರಾಗ ಮಾಡಿಲ್ರಿ? ಹಟ್ಟಿಯಾಗ ನಾಕ್ ಸಲ ಮಾಡೀನಿ, ಗಣಿ ಮಂದಿಗೆ ಭಾರಿ ಸೇರ್ತಿತ್ತು. ಒಂದು ಸೀಜನ್ನಿನ್ಯಾಗ ಅದೊಂದೇ ನಾಟಕ ಇಪ್ಪತ್ತು ಊರಾಗ. ನನ್ನ ಮಾತು ಅವೇ, ಹೀರೋ ಮಾತ್ರ ಊರಿಗೊಬ್ಬ."

"ತುರ್ವಿಹಾಳದ ಹೀರೋ ನೆಪ್ಪದಾರೇನ್ರಿ? ಕಾಲುವಿ ಆಫೀಸಿನ್ಯಾಗ ಕ್ಲರ್ಕ್ ಇದ್ದರು."

ಆಕೆ ಸೂಜಿ ನಿಲ್ಲಿಸಿ, ಪ್ರಾಮಾಣಿಕವಾಗಿ ಯೋಚಿಸಿದಳು. "ಮಾತು ಮರೆತು ಒಳಗ ಓಡಿಹೋದಾವ ಒಬ್ಬ ಇದ್ದ, ಅವ ಅಲ್ಲಲ್ರಿ?"

"ಅಲ್ಲ."

"ಕುಡುದು ಬಂದು ನನ್ನ ಕಾಲು ತುಳಿದಾವ?"

"ಅಲ್ರೀ."

"ಹಂಗಾರ ಚೊಲೊ ಮಾಡಿರಬೇಕು. ಚೊಲೊ ಮಾಡಿದೋರು ನೆಪ್ಪು ಉಳಿಯಂಗಿಲ್ರಿ ಅಕ್ಕಾರ. ತ್ರಾಸ ಕೊಟ್ಟೋರೇ ಉಳೀತಾರ." ಆಮೇಲೆ ಕಣ್ಣು ಅರಳಿಸಿದಳು. "ತುರ್ವಿಹಾಳ ಅಂದ್ರ ಒಂದು ಸೀರಿ ನೆಪ್ಪೈತಿ. ದಾಳಿಂಬ್ರಿ ಬಣ್ಣದ್ದು, ರೇಷ್ಮಿ ಸೆರಗು. ಹೀರೋನ ಅವ್ವ ಆಯೇರಿ ಮಾಡಿದ್ಳು. ಹನ್ನೆರಡು ವರ್ಷ ಉಟ್ಟೀನ್ರಿ. ಆ ಸೀರಿ ಉಟ್ಕೊಂಡೇ ನನ್ನ ಮಗಳಿಗೆ ಹೆಸರಿಟ್ಟೆ."

ನನ್ನ ಸೀರೆ ನೆನಪಿತ್ತು. ನನ್ನ ಗಂಡ ನೆನಪಿರಲಿಲ್ಲ.

ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ನನ್ನ ಮನುಷ್ಯನನ್ನು ಅಷ್ಟು ಹತ್ತಿರದಿಂದ ನೋಡಿ, ಅವನ ಬೊಗಸೆಗೆ ನೀರು ಹನಿಸಿ, ಒಂದು ಗೆರೆಯನ್ನೂ ಇಟ್ಟುಕೊಳ್ಳದೆ ಹೋಗಿದ್ದಳು. ನನಗೆ ಸಿಕ್ಕಿದ್ದರೆ ನಾನು ಇಟ್ಟುಕೊಳ್ಳುತ್ತಿದ್ದೆ. ಆಕೆ ಚಹಾ ಮಾಡಿದಳು. ಕುಡಿದೆ. ಮಂಡಿಗೆ ಬಿಸಿನೀರಿನ ಶಾಖ ಹೇಗೆ ಕೊಡಬೇಕೆಂದು ಹೇಳಿಕೊಟ್ಟೆ. ಕೆಟ್ಟ ಹೆಂಗಸೇನಲ್ಲ. ಹಾಗಿರದೇ ಇದ್ದದ್ದೂ ನನಗೆ ಒಂದು ನಷ್ಟವೇ.

ಬಸ್ಸಿನಲ್ಲಿ ವಾಪಸಾಗುವಾಗ ಈ ಸುದ್ದಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದೆ. ನಿಮ್ಮಾಕಿಗೆ ನಿಮ್ಮ ನೆಪ್ಪೇ ಇಲ್ಲ ಎಂದು ಒಂದು ಮಾತು ಹೇಳಿದರೆ ಡಿಸ್ಕು ಅವತ್ತೇ ಕಪಾಟು ಸೇರುತ್ತದೆ. ಹೇಳಬಾರದು ಎಂದುಕೊಂಡೆ. ಮುದುಕ ಮನುಷ್ಯನಿಗೆ ಇರುವುದೊಂದೇ ಸಂಭ್ರಮ. ಮನೆ ಮುಟ್ಟುವವರೆಗೂ ಈ ದೊಡ್ಡ ಮನಸ್ಸು ಉಳಿದಿತ್ತು. ಬಾಗಿಲು ತೆರೆದರೆ ಮೂರೂ ಇಪ್ಪತ್ತು, ಟಿವಿಯಲ್ಲಿ ಬಾವಿಕಟ್ಟೆ, ಇವರು ಮುಂದಕ್ಕೆ ಬಾಗಿ ಕೂತಿದ್ದಾರೆ.

"ನೋಡು ನರ್ಸಮ್ಮ, ಇಲ್ಲಿ ನಮ್ಮಾಕಿ..."

"ನಿಮ್ಮಾಕಿಗೆ ನೀವು ಯಾರಂತ ಗೊತ್ತಿಲ್ಲ" ಎಂದೆ. "ಈಗ ಅಲ್ಲಿಂದನ ಬಂದೆ. ಸೀರಿ ನೆಪ್ಪೈತಿ, ನೀವಿಲ್ಲ."

ಇವರು ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಅದು ಬೀಳಲಿಲ್ಲ.

"ಗೊತ್ತೈತಿ. ನನ್ನೂ ಕೇಳಿದ್ಳು, ಮಾತು ಮರೆತು ಓಡಿಹೋದಾವ ನೀವೇನ್ರಿ ಅಂತ."

"ಯಾವಾಗ?"

"ಡಿಸ್ಕ್ ತಂದ ದಿನ. ಸಿಂಧನೂರಿಂದ ಬರಾಗ ಮಸ್ಕಿಯಾಗ ಇಳಿದೆ. ಆಕಿಗೂ ಒಂದು ತಗೊಂಡಿದ್ದೆ."

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಮೂರೂವರೆಗೆ ಬರಬೇಕಾದವರು ಆರಕ್ಕೆ ಬಂದಿದ್ದರು. "ಬಸ್ ಪಂಚರ್ ಆಗಿತ್ತು ಅಂದಿದ್ರಿ."

"ಬಸ್ ನೆಟ್ಟಗಿತ್ತು. ಪಂಚರ್ ಆಗಿದ್ದು ನಾ."

ನಗು ಬರಬೇಕಾದ ಜಾಗದಲ್ಲಿ ನನಗೆ ಮತ್ತೆ ಕಿಚ್ಚೇ ಬಂತು, ಅದೂ ಹೊಸದು. ಎರಡು ವರ್ಷದಿಂದ ಎಲ್ಲ ತಿಳಿದೂ ನಮ್ಮಾಕಿ, ನಮ್ಮಾಕಿ ಎಂದಿದ್ದರು. ಅವಳು ಮರೆತಿದ್ದರೂ ಇವರು ಬಿಟ್ಟಿರಲಿಲ್ಲ.

"ಆಕಿ ಮರತ್ರೂ ನಿಮಗ ಯಾಕ ಬೇಕು ಅದು?"

"ಆಕಿ ಅಲ್ಲಲೇ. ಅವತ್ತಿನ ನಾ ಬೇಕು" ಎಂದರು. "ನಾ ಹೆಂಗ ಮಾಡಿದ್ದೆ ಅಂತ ಹೇಳೋರು ಊರಾಗ ಎಲ್ಲಾ ಸತ್ತರು. ಆಕಿಯೊಬ್ಬಾಕಿ ಉಳಿದಾಳಂತ ಹೋದೆ. ನಿನ್ನ ಕೇಳೋಣಂದ್ರ ನೀ ನೋಡಿಲ್ಲ."

ನೋಡಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಇಷ್ಟು ವರ್ಷ ಒಮ್ಮೆಯೂ ಹೇಳಿರಲಿಲ್ಲ. ನಾನು ಸೀರೆ ಬದಲಿಸಿ, ಸಂಜೆಯ ಅಡುಗೆಗೆ ಇಟ್ಟೆ. ಬೇಳೆ ತಳ ಹಿಡಿಯಿತು. ನನ್ನ ಮನೆಯಲ್ಲಿ ಬೇಳೆ ತಳ ಹಿಡಿಯುವುದಿಲ್ಲ.

ಮಾರನೆಯ ದಿನ ಮೂರಕ್ಕೆ ಇವರು ರಿಮೋಟ್ ಹುಡುಕುವಾಗ ಅದು ನನ್ನ ಕೈಯಲ್ಲಿತ್ತು.

"ಇವತ್ತು ಟಿವಿ ಬ್ಯಾಡ. ಎದ್ದು ನಿಂತು ನೀವೇ ಮಾಡಿ ತೋರಸ್ರಿ."

"ಎಪ್ಪತ್ನಾಕಕ್ಕ?"

"ಬಿಪಿ ಬೆಳಗ್ಗೆ ನೋಡೀನಿ. ಸರಿ ಐತಿ. ಏಳ್ರಿ."

ಕುರ್ಚಿ ಸರಿಸಿ ಜಾಗ ಮಾಡಿದೆ, ಬಾಗಿಲು ಹಾಕಿದೆ, ಮಂಚದ ಮೇಲೆ ಕೂತೆ. ಇವರು ಲುಂಗಿ ಸರಿಮಾಡಿಕೊಂಡು, ಎರಡು ಸಲ ಕೆಮ್ಮಿ, ಟಿವಿಯ ಮುಂದೆ ನಿಂತರು. ಮೊದಲ ಮಾತಿಗೆ ಧ್ವನಿ ನಡುಗಿತು. ಎರಡನೆಯದಕ್ಕೆ ಏರಿತು. "ತಾಯೀ, ದಾರಿ ತಪ್ಪಿದವನಿಗೆ ಒಂದು ಬೊಗಸೆ ನೀರು ಸಿಕ್ಕೀತೆ?" ಎಂದು ಕೈಯೊಡ್ಡಿದಾಗ ನಾನು ಆ ಮನುಷ್ಯನನ್ನು ಗುರುತಿಸಲಿಲ್ಲ. ಬೆನ್ನು ಬಾಗಿತ್ತು, ಆದರೆ ಅದು ನಾನು ದಿನಾ ಎಣ್ಣೆ ಹಚ್ಚುವ ಬೆನ್ನಲ್ಲ, ಬೇರೆ ಯಾವನದೋ. ಊರಿನವರು ಸುಳ್ಳು ಹೇಳಿರಲಿಲ್ಲ. ಮೂವತ್ತರ ವಯಸ್ಸಿನಲ್ಲಿ ಇದು ಹೇಗಿದ್ದಿರಬೇಕು ಎಂದು ನೆನೆದು ಎದೆ ಉರಿಯಿತು.

ಅಲ್ಲಿಗೆ ನಿಂತರು. "ಆಕಿ ಮಾತು ಹೇಳು. ಕಡೀ ಎರಡು ಶಬ್ದ ಸಾಕು, ಅದನ್ನ ಹಿಡಕೊಂಡು ನಂದು ಬರ್ತೈತಿ. ತಾಲೀಮಿನ್ಯಾಗ ಹಂಗೇ ಕಲಿತದ್ದು."

ಅವಳ ಮಾತು ನನಗೆ ಬಾಯಿಪಾಠವಾಗಿತ್ತು. ಎರಡು ವರ್ಷ ಕೇಳಿದ್ದೇನೆ, ಪೂರ್ತಿ ಸೀನ್ ಬರುತ್ತದೆ.

"ಆಕಿದು ನಾ ಹೇಳಂಗಿಲ್ಲ. ನಿಮ್ಮದು ಹೇಳ್ರಿ."

"ನಡುವ ಖಾಲಿ ಬೀಳ್ತೈತಲ್ಲ?"

"ಬೀಳಲಿ."

ಒಂದು ಕ್ಷಣ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು. ತುಟಿ ಮೆಲ್ಲಗೆ ಅಲುಗಿತು. ಅವಳ ಮಾತನ್ನು ಒಳಗೇ ಹೇಳಿಕೊಳ್ಳುತ್ತಿದ್ದರು. ಅದು ಮುಗಿದ ಮೇಲೆ ಕಣ್ಣು ತೆರೆದು, ತಮ್ಮ ಮಾತನ್ನು ದೊಡ್ಡದಾಗಿ ನನ್ನ ಕಡೆ ಹೇಳಿದರು. ಹೀಗೆಯೇ ಸೀನ್ ಪೂರ್ತಿ ಮಾಡಿದರು.

ಈಗ ಪ್ರತಿ ಶುಕ್ರವಾರ ಡಿಸ್ಕಿಗೆ ರಜೆ. ಮೂರಕ್ಕೆ ಬಾಗಿಲು ಹಾಕುತ್ತೇನೆ, ಇವರು ಮಾಡುತ್ತಾರೆ, ನಾನೊಬ್ಬಳೇ ನೋಡುತ್ತೇನೆ. ಆಪಾಗೂ ಆ ದಿನ ನಾಲ್ಕಕ್ಕೇ ಚಹಾ. ನೀರಿಗೆ ಕೈಯೊಡ್ಡುವುದು ಈಗ ಮಂಚದ ಕಡೆಗೇ. ನಡುನಡುವೆ ತುಟಿ ಮಾತ್ರ ಅಲುಗುತ್ತದೆ. ಅದನ್ನು ನಿಲ್ಲಿಸಿರೆಂದು ಎರಡು ಸಲ ಹೇಳಿ ನೋಡಿದೆ, ಆಗುವುದಿಲ್ಲ ಎಂದರು. ಆ ಹೊತ್ತಿನಲ್ಲಿ ನಾನು ಕಿಟಕಿಯ ಕಡೆ ನೋಡುತ್ತೇನೆ, ಅವರ ಧ್ವನಿ ಬಂದ ಮೇಲೆ ತಿರುಗುತ್ತೇನೆ.